ಹಳೇ ಬೆಂಗಳೂರಿನ ಫೋಟೊಗಳು: ಚೆಂದಕ್ಕೆ ಬರವಿಲ್ಲ, ದಾಖಲೆಗೆ ಬರ

ಕೆ.ಆರ್. ಮಾರ್ಕೆಟ್ ಪಕ್ಕದ ಟಿಪ್ಪು ಸುಲ್ತಾನ್ ಬೇಸಿಗೆ ಅರಮನೆಗೆ ಮೊಬೈಲ್ ಹಿಡಿದು ಹೋಗಿ. ಟಿಕೆಟ್ ತೆಗೆದುಕೊಂಡು ಒಳಗೆ ನೂರು ಫೋಟೊ ತೆಗೆದರೂ ಯಾರೂ ಏನೂ ಕೇಳುವುದಿಲ್ಲ. ಅದೇ ಜಾಗದಲ್ಲಿ ಬ್ಯಾಗಿನಿಂದ ಟ್ರೈಪಾಡ್ ತೆಗೆದು ನಿಲ್ಲಿಸಿ ನೋಡಿ. ಮೂರು ಕಾಲು ನೆಲಕ್ಕೆ ತಾಗುವ ಮೊದಲೇ ಸೆಕ್ಯೂರಿಟಿಯವರು ಬಂದು 'ಪರ್ಮಿಶನ್ ಇದೆಯಾ ಸರ್?' ಎನ್ನುತ್ತಾರೆ. ಅವರ ತಪ್ಪಿಲ್ಲ. ನಿಯಮ ಇರುವುದೇ ಹಾಗೆ.

ಈ ನಿಯಮದ ಹಿಂದಿನ ಲೆಕ್ಕಾಚಾರ ಹಳೆಯದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು ನಡೆಯುವುದು 1958ರ ಕಾಯ್ದೆ ಮತ್ತು 1959ರ ನಿಯಮಗಳ ಮೇಲೆ. ಕೈಯಲ್ಲಿ ಹಿಡಿದು ತೆಗೆಯುವ ಕ್ಯಾಮೆರಾ ಬೇರೆ, ಸ್ಟ್ಯಾಂಡ್ ಇಟ್ಟು ತೆಗೆಯುವ ಕ್ಯಾಮೆರಾ ಬೇರೆ ಎನ್ನುವ ಭೇದ ಆಗಿನಿಂದಲೂ ಇದೆ. ಆ ಕಾಲಕ್ಕೆ ಅದು ಸರಿಯೇ ಇತ್ತು. ಸ್ಟ್ಯಾಂಡ್ ತಂದವನು ಸ್ಟುಡಿಯೋದವನೋ ಸಿನಿಮಾದವನೋ ಆಗಿರುತ್ತಿದ್ದ. ಜೊತೆಗೆ ದೀಪ, ವೈರು, ಹತ್ತು ಜನ ಬರುತ್ತಿದ್ದರು. ಇವತ್ತು ಲೆಕ್ಕ ತಿರುವುಮುರುವಾಗಿದೆ. ದುಡ್ಡು ಬರುವ ವಿಡಿಯೋಗಳೆಲ್ಲ ಅಂಗೈಯಗಲದ ಮೊಬೈಲಿನಲ್ಲೇ ಆಗುತ್ತವೆ. ಟ್ರೈಪಾಡ್ ಹೊತ್ತು ಬರುವವನು ಕಂಬದ ಕೆತ್ತನೆಯನ್ನು ನಿಧಾನವಾಗಿ, ಸ್ಪಷ್ಟವಾಗಿ ತೆಗೆಯಬೇಕೆಂದು ಹೊರಟ ಹವ್ಯಾಸಿಯೋ ಆರ್ಕಿಟೆಕ್ಚರ್ ವಿದ್ಯಾರ್ಥಿಯೋ ಆಗಿರುತ್ತಾನೆ. ನಾವು ತಡೆಯುತ್ತಿರುವುದು ಅವನನ್ನು.

ಅವನಿಗೆ ಟ್ರೈಪಾಡ್ ಯಾಕೆ ಬೇಕು? ಹೈದರಾಲಿ ಶುರು ಮಾಡಿಸಿ ಟಿಪ್ಪು 1791ರಲ್ಲಿ ಮುಗಿಸಿದ ಆ ಅರಮನೆಯ ಒಳಭಾಗ ತೇಗದ ಮರದ್ದು. ಬಣ್ಣ ಬಳಿದ ಗೋಡೆ, ಚಾವಣಿ. ಬಿಸಿಲಿನ ದಿನವೂ ಒಳಗೆ ಮಬ್ಬು. ಫ್ಲಾಷ್ ಹಾಕುವಂತಿಲ್ಲ. ಹಾಕಿದರೂ ಬೆಳಕು ಎದುರಿನಿಂದ ಬಿದ್ದು ಕೆತ್ತನೆಯ ಆಳವೆಲ್ಲ ಸಪಾಟಾಗಿ ಕಾಣುತ್ತದೆ. ಹಾಗಾಗಿ ಶಟರ್ ಒಂದು ಸೆಕೆಂಡೋ ಎರಡು ಸೆಕೆಂಡೋ ತೆರೆದಿರಬೇಕು, ಕ್ಯಾಮೆರಾ ಒಂಚೂರೂ ಅಲುಗಬಾರದು. ಮೊಬೈಲಿನ ನೈಟ್ ಮೋಡ್ ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತದೆ. ಹಲವು ಫೋಟೊ ಬೇಗಬೇಗ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ, ಮಬ್ಬು ಬೆಳಕಿನಿಂದ ಫೋಟೊದಲ್ಲಿ ಮೂಡುವ ಬೇಡದ ಚುಕ್ಕಿಗಳನ್ನು ಒರೆಸುತ್ತದೆ. ಒರೆಸುವಾಗ ಬಣ್ಣದ ಬಿರುಕು, ಮರದ ಎಳೆ, ಉಳಿಯ ಗುರುತು ಕೂಡ ಎಷ್ಟೋ ಸಲ ಒರೆಸಿಹೋಗುತ್ತವೆ. ಫೋಟೊ ನೋಡಲು ಚೆನ್ನಾಗಿರುತ್ತದೆ. ರಿಪೇರಿ ಮಾಡುವವನಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ.

ನಿಯಮ ಸಡಿಲವಾಗಿಲ್ಲ ಎಂದೇನಲ್ಲ. 2018ರ ಜುಲೈನಲ್ಲಿ ದೆಹಲಿಯಲ್ಲಿ ಪುರಾತತ್ವ ಇಲಾಖೆಯ ಹೊಸ ಕಚೇರಿ ಉದ್ಘಾಟನೆಗೆ ಬಂದ ಪ್ರಧಾನಿ, ಉಪಗ್ರಹಗಳು ಆಕಾಶದಿಂದ ಎಲ್ಲವನ್ನೂ ನೋಡುವ ಕಾಲದಲ್ಲಿ ಫೋಟೊ ನಿಷೇಧ ಯಾಕೆ ಎಂದು ಕೇಳಿದರು. ಅಂದೇ ಇಲಾಖೆಯ ಆದೇಶ ಬಂತು. ಅಜಂತಾ ಗುಹೆ, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿ ಇರುವ ಒಳಭಾಗ ಬಿಟ್ಟು ಉಳಿದ ಕಡೆ ಫೋಟೊ ತೆಗೆಯಬಹುದು ಎಂದಾಯಿತು. ಒಳ್ಳೆಯದೇ. ಆದರೆ ಬಾಗಿಲು ತೆರೆದದ್ದು ಸೆಲ್ಫಿಗೆ. ಸ್ಟ್ಯಾಂಡಿನ ವಿಷಯ ಇದ್ದಲ್ಲೇ ಉಳಿಯಿತು.

ಕಾಪಿರೈಟ್ ಭಯ ಇರುವವರಿಗೂ ಇಲ್ಲೇ ಒಂದು ಮಾತು. ಕಟ್ಟಡದ ಫೋಟೊ ತೆಗೆದು ಪ್ರಕಟಿಸಿದರೆ ಅದನ್ನು ಕಟ್ಟಿದವರ ಹಕ್ಕಿಗೆ ಧಕ್ಕೆಯಾಗುವುದಿಲ್ಲ ಎಂದು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರುವ ಪ್ರತಿಮೆಗಳಿಗೂ ಹೀಗೇ. ಕೆಲವು ದೇಶಗಳಲ್ಲಿ ಈ ಸಲೀಸು ಇಲ್ಲ. ಪ್ಯಾರಿಸ್ಸಿನ ಐಫೆಲ್ ಟವರಿನ ರಾತ್ರಿ ದೀಪಾಲಂಕಾರಕ್ಕೂ ಹಕ್ಕು ಇದೆ, ಗೊತ್ತಾ? ಆ ಫೋಟೊವನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಅನುಮತಿ ಬೇಕು. ನಮ್ಮಲ್ಲಿ ವಿಧಾನಸೌಧದ ದೀಪಾಲಂಕಾರದ ಫೋಟೊಗೆ ಅಂಥ ತಲೆನೋವಿಲ್ಲ. ಜಾಗದ ಒಡೆಯರು ಹಾಕುವ ಷರತ್ತು ಮಾತ್ರ ಬೇರೆ ವಿಷಯ. ಬೆಂಗಳೂರು ಅರಮನೆಯಲ್ಲಿ ಕ್ಯಾಮೆರಾಗೆ ಬೇರೆ ಶುಲ್ಕ ಇದೆ, ಅದು ಅವರ ಹಕ್ಕು. ಡ್ರೋನ್ ಕತೆಯೂ ಬೇರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಮೊದಲು ಸರ್ಕಾರದ ನಕ್ಷೆಯಲ್ಲಿ ಹಸಿರೋ ಹಳದಿಯೋ ಕೆಂಪೋ ನೋಡಬೇಕು. ಎಚ್.ಎ.ಎಲ್., ಯಲಹಂಕ, ಜಕ್ಕೂರು ಎಂದು ಸುತ್ತಲೂ ರನ್‌ವೇಗಳಿರುವ ಊರು ನಮ್ಮದು. ಸುಮ್ನೆ ಮೇಲಕ್ಕೆ ಬಿಟ್ಟು ನೋಡೋಣ ಎನ್ನುವ ಹಾಗಿಲ್ಲ.

ಕಾನೂನು ಇಷ್ಟು. ನಿಜವಾದ ತೊಂದರೆ ಕಾನೂನಿನಲ್ಲಿಲ್ಲ. ನಾವು ತೆಗೆಯುವ ಫೋಟೊಗಳಲ್ಲೇ ಇದೆ.

ವಿಧಾನಸೌಧದ ಎದುರು ಭಾನುವಾರ ಸಂಜೆ ಎಷ್ಟು ಮೊಬೈಲು ಮೇಲೇಳುತ್ತವೆ ಎಂದು ನೋಡಿದವರಿಗೆ ಗೊತ್ತು. 2025ರ ಜೂನ್‌ನಿಂದ 50 ರೂಪಾಯಿ ಕೊಟ್ಟು ಗೈಡ್ ಜೊತೆ ಒಳಗೂ ಹೋಗಿಬರಬಹುದು. ಕಬ್ಬನ್ ಪಾರ್ಕ್, ಲಾಲ್‌ಬಾಗಿನ ಗಾಜಿನ ಮನೆ, ಅರಮನೆ, ಹೈಕೋರ್ಟ್ ಇರುವ ಅಠಾರಾ ಕಚೇರಿ, ಎಲ್ಲದರ ಫೋಟೊಗಳೂ ಇನ್‌ಸ್ಟಾಗ್ರಾಮಿನಲ್ಲಿ ರಾಶಿ ಬಿದ್ದಿವೆ. ಎಲ್ಲವೂ ಮುಂಭಾಗದವು, ಎಲ್ಲವೂ ಸಂಜೆಯ ಹೊಂಬೆಳಕಿನವು. ಎಲ್ಲದರಲ್ಲೂ ಒಬ್ಬರು ನಿಂತಿದ್ದಾರೆ. ಹಿಂಬದಿಯ ಗೋಡೆ ಎಲ್ಲಿ? ಮಳೆ ನೀರು ಇಳಿಯುವ ಮೂಲೆ, ಕಿಟಕಿಯ ಚೌಕಟ್ಟು, ಮಹಡಿ ಮೆಟ್ಟಿಲು, ಚಾವಣಿಯ ತೊಲೆ ಎಲ್ಲಿ? ಕಟ್ಟಡ ಕುಸಿಯುವುದು ಹಿಂಬದಿಯಿಂದ. ಕ್ಯಾಮೆರಾ ನಿಲ್ಲುವುದು ಮುಂಬಾಗಿಲಲ್ಲಿ.

ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ನೆನಪಿರಬಹುದು. ತೋಟಗಾರಿಕೆಯ ಗುಸ್ತಾವ್ ಕ್ರುಂಬಿಗಲ್ ಹೆಸರಿನ ಆ ಹಳೇ ಕಟ್ಟಡ ವರ್ಷಗಟ್ಟಲೆ ಪಾಳು ಬಿದ್ದಿತ್ತು. 2017ರಲ್ಲಿ ಮಳೆಗೆ ಒಂದು ಭಾಗ ಕುಸಿಯಿತು, ಉಳಿದದ್ದನ್ನು ಕೆಡವಿದರು. ಲಾಲ್‌ಬಾಗಿಗೆ ದಿನಾ ಬೆಳಿಗ್ಗೆ ಸಾವಿರಾರು ಜನ ವಾಕಿಂಗ್ ಬರುತ್ತಾರೆ. ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಬರುತ್ತಾರೆ. ಅಷ್ಟೂ ಕ್ಯಾಮೆರಾಗಳು ಗಾಜಿನ ಮನೆ ಕಡೆ ತಿರುಗಿದ್ದವು. ಆ ಹಾಲಿನ ಗೋಡೆ ಯಾವ ವರ್ಷ ಉಬ್ಬಿತು, ಬಿರುಕು ಯಾವ ಮಳೆಗಾಲದಲ್ಲಿ ಅಗಲವಾಯಿತು ಎಂದು ಹೇಳಬಲ್ಲ ಸಾಲು ಫೋಟೊಗಳು ಇದ್ದಿದ್ದರೆ, ಕೆಡವುವ ಮಾತಿಗೆ ಎದುರು ನಿಂತು ಮಾತಾಡಲು ಒಂದು ಆಧಾರವಾದರೂ ಇರುತ್ತಿತ್ತು. ಕಟ್ಟಡ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದನ್ನು ಫೋಟೊ ಒಂದೇ ಉಳಿಸಲಾರದು.

ಹೈಕೋರ್ಟಿನ ಕೆಂಪು ಕಟ್ಟಡವನ್ನೇ, ಅಂದರೆ 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನೇ, 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಅದನ್ನು ಉಳಿಸಿದ್ದು ಊರಿನ ಜನರ ಗಲಾಟೆ ಮತ್ತು ಕೋರ್ಟಿಗೆ ಹೋದವರ ಹಟ. ಇಂಥ ಜಗಳಗಳಲ್ಲಿ ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ: ಈ ಕಟ್ಟಡದಲ್ಲಿ ಹಳೆಯದು ಎಷ್ಟು, ಆಮೇಲೆ ಸೇರಿಸಿದ್ದು ಎಷ್ಟು? ಉತ್ತರ ಚಿತ್ರಗಳಲ್ಲೇ ಸಿಗಬೇಕು.

ಇದಕ್ಕೆ ಬೆಂಗಳೂರಿನಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಗವಿಪುರದ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ಒಳಗಿನ ಲಿಂಗದವರೆಗೆ ಬರುತ್ತದೆ. ಟಿವಿಯವರೆಲ್ಲ ಅಲ್ಲಿ ಸೇರುತ್ತಾರೆ. ಈ ಬೆಳಕಿನ ಲೆಕ್ಕವನ್ನು ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಅವರ ಕೈಗೆ ಸಿಕ್ಕ ಒಂದು ಮುಖ್ಯ ಆಧಾರ ಯಾವುದು ಗೊತ್ತಾ? 1790ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬಿಡಿಸಿದ ಚಿತ್ರಗಳು. ಇಂದು ಕಾಣುವಷ್ಟು ಕಟ್ಟಡ ಆಗ ಇರಲಿಲ್ಲ ಎನ್ನುವುದು ಆ ಚಿತ್ರಗಳಿಂದ ತಿಳಿಯುತ್ತದೆ. ಆಮೇಲೆ ಎದ್ದ ಗೋಡೆ, ಬಾಗಿಲು, ಕಿಟಕಿಗಳೂ ಬೆಳಕಿನ ದಾರಿಯನ್ನು ತೀರ್ಮಾನಿಸುತ್ತವೆ. ಇನ್ನೂರು ವರ್ಷ ಬಿಟ್ಟು ವಿಜ್ಞಾನಿಗಳು ತಮ್ಮ ಚಿತ್ರ ಹಿಡಿದು ಕೋನ ಅಳೆಯುತ್ತಾರೆ ಎಂದು ಡೇನಿಯಲ್‌ಗಳು ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ. ಅವರು ಮಾಡಿದ್ದು ಇಷ್ಟೇ: ಕಂಡದ್ದನ್ನು ಕಂಡ ಹಾಗೆ ಬಿಡಿಸಿದರು, ಎಲ್ಲಿಯದು ಎಂದು ಬರೆದಿಟ್ಟರು.

ದಾಖಲೆ ಫೋಟೊ ಅಂದರೆ ಇದೇ. ಅದಕ್ಕೆ ದುಬಾರಿ ಕ್ಯಾಮೆರಾ ಬೇಡ. ಕೆಲವು ಅಭ್ಯಾಸ ಬೇಕು, ಅಷ್ಟೇ. ಕಟ್ಟಡದ ಬುಡದಲ್ಲಿ ನಿಂತು ಮೊಬೈಲನ್ನು ಮೇಲಕ್ಕೆ ಎತ್ತಿದರೆ ಗೋಡೆಗಳು ಹಿಂದಕ್ಕೆ ವಾಲಿ, ತುದಿಯಲ್ಲಿ ಕೂಡಿಕೊಂಡ ಹಾಗೆ ಕಾಣುತ್ತವೆ. ದೂರ ಹೋಗಿ ಮೊಬೈಲನ್ನು ನೆಟ್ಟಗೆ ಹಿಡಿದರೆ ಗೋಡೆ ನೆಟ್ಟಗೆ ಬರುತ್ತದೆ. ದೂರ ಹೋಗಲು ಜಾಗ ಇಲ್ಲವೇ? ಚಿಕ್ಕಪೇಟೆಯಲ್ಲಿ ಎಲ್ಲಿಂದ ಬರಬೇಕು ಜಾಗ! ಆಗ ಎದುರಿನ ಕಟ್ಟಡದ ಮೊದಲ ಮಹಡಿ ಹತ್ತಿ, ಅಂಗಡಿಯವರನ್ನು ಕೇಳಿಕೊಂಡು ತೆಗೆಯಬೇಕು. 0.5 ಎನ್ನುವ ಅಗಲ ಲೆನ್ಸ್ ಅಂಚುಗಳನ್ನು ಎಳೆದು ಹಿಗ್ಗಿಸುತ್ತದೆ, ಅಳತೆಯ ಕೆಲಸಕ್ಕೆ ಅದು ಬೇಡ. ಒಂದು ವಿವರದ ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಮುಂದೆ ನೋಡುವವರಿಗೆ ಗಾತ್ರ ತಿಳಿಯುತ್ತದೆ. ನಾಲ್ಕೂ ದಿಕ್ಕಿನಿಂದ ತೆಗೆಯಬೇಕು. ವೈರು, ಫ್ಲೆಕ್ಸು, ಟ್ರಾನ್ಸ್‌ಫಾರ್ಮರ್ ಅಡ್ಡ ಬಂದರೆ ಬರಲಿ. ಅವೂ ಆ ದಿನದ ಬೆಂಗಳೂರೇ ಅಲ್ವಾ?

ಸ್ವಲ್ಪ ಹೆಚ್ಚು ತಾಳ್ಮೆ ಇರುವವರಿಗೆ ಫೋಟೊಗಳಿಂದಲೇ ಮೂರು ಆಯಾಮದ ಮಾದರಿ ಮಾಡುವ ದಾರಿ ಇದೆ. ಕಟ್ಟಡದ ಸುತ್ತ ಹೆಜ್ಜೆ ಹೆಜ್ಜೆಗೂ ನಿಂತು ಫೋಟೊ ತೆಗೆಯಬೇಕು. ಒಂದರಲ್ಲಿ ಬಂದದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಇರಬೇಕು. ಕಂಪ್ಯೂಟರು ಒಂದೇ ಬಿಂದುವನ್ನು ಹಲವು ಫೋಟೊಗಳಲ್ಲಿ ಗುರುತಿಸಿ ಅದರ ದೂರ ಲೆಕ್ಕ ಹಾಕುತ್ತದೆ. ಇದಕ್ಕೆ ಉಚಿತ ಸಾಫ್ಟ್‌ವೇರ್‌ಗಳೂ ಇವೆ. 2001ರಲ್ಲಿ ತಾಲಿಬಾನ್ ಅಫ್ಘಾನಿಸ್ತಾನದ ಬಾಮಿಯಾನಿನ ಎರಡು ಬುದ್ಧ ಮೂರ್ತಿಗಳನ್ನು ಸ್ಫೋಟಿಸಿದ ಮೇಲೆ ಜ್ಯೂರಿಕ್ಕಿನ ತಂತ್ರಜ್ಞಾನ ವಿಶ್ವವಿದ್ಯಾಲಯದವರು ದೊಡ್ಡ ಮೂರ್ತಿಯ ಮಾದರಿಯನ್ನು ಹೀಗೇ ಕಟ್ಟಿದರು. ಪ್ರವಾಸಿಗರ ಫೋಟೊಗಳಿಂದಲೂ ಮಾಡಿ ನೋಡಿದರು. ಆದರೆ ನಂಬಬಹುದಾದ ಅಳತೆ ಕೊಟ್ಟದ್ದು 1970ರಲ್ಲಿ ಒಬ್ಬ ಆಸ್ಟ್ರಿಯನ್ ಪ್ರೊಫೆಸರ್ ಅಳತೆಗೆಂದೇ ತೆಗೆದಿದ್ದ ಮೂರು ಫೋಟೊಗಳು. ಪ್ರವಾಸಿಗರು ಅದೇ ಮೂರ್ತಿಯನ್ನು ಎಷ್ಟು ಸಾವಿರ ಸಲ ತೆಗೆದಿದ್ದರೋ! ಕೆಲಸಕ್ಕೆ ಬಂದದ್ದು ಆ ಮೂರು.

ನಮ್ಮೂರಲ್ಲಿ ಈ ಕೆಲಸವನ್ನು ಗಂಭೀರವಾಗಿ ಮಾಡುತ್ತಿರುವವರು ಇದ್ದಾರೆ. 1909ರಲ್ಲಿ ಹುಟ್ಟಿದ, ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಮುತ್ತಲ ಕಲ್ಲಿನ ಶಾಸನಗಳನ್ನು ಹುಡುಕಿ, 3ಡಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವ ಹಾಗೆ ಆನ್‌ಲೈನಿನಲ್ಲಿ ಇಡುತ್ತಿದೆ. ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ದಾಖಲಿಸಿದ ಎಷ್ಟೋ ಕಲ್ಲುಗಳು ಈಗ ಲೇಔಟು, ರಸ್ತೆ, ಅಪಾರ್ಟ್‌ಮೆಂಟುಗಳ ಕೆಳಗೆ ಹೋಗಿವೆ. ಇನ್ನೊಂದೆಡೆ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು 2018ರಲ್ಲಷ್ಟೇ ಬೆಳಕಿಗೆ ಬಂತು. ಊರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು ಅದು.

ಶಾಸನದ ಫೋಟೊ ತೆಗೆಯುವುದು ಬೇರೆಯೇ ವಿದ್ಯೆ. ನಡು ಮಧ್ಯಾಹ್ನ ಹೋದರೆ ಅಕ್ಷರ ಕಾಣುವುದಿಲ್ಲ. ಬೆಳಕು ಪಕ್ಕದಿಂದ, ಕಲ್ಲಿನ ಮೈ ಸವರಿಕೊಂಡು ಬರಬೇಕು. ಆಗ ಒಂದೊಂದು ಕೆತ್ತನೆಯ ಅಂಚಿಗೂ ನೆರಳು ಬಿದ್ದು ಸವೆದ ಸಾಲು ಕೂಡ ಎದ್ದು ಕಾಣುತ್ತದೆ. ಬಿಸಿಲು ಬೇಡವಾದರೆ ಕತ್ತಲಾದ ಮೇಲೆ ಒಂದು ಟಾರ್ಚನ್ನು ಓರೆಯಾಗಿ ಹಿಡಿದರೂ ಸಾಕು. ಅದಕ್ಕೆ ಬದಲು ಅಕ್ಷರದ ಮೇಲೆ ಸುಣ್ಣವನ್ನೋ ಪೇಂಟನ್ನೋ ಎಳೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕೆತ್ತನೆ ಎಲ್ಲಿದೆ ಎಂದು ಅವರು ಊಹಿಸಿದ್ದನ್ನು ಮುಂದಿನವರು ನಿಜವೆಂದು ಓದುತ್ತಾರೆ. ಪೇಂಟು ಮಾತ್ರ ಕಲ್ಲು ಬಿಟ್ಟು ಹೋಗುವುದಿಲ್ಲ.

ಹೀಗೆ ತೆಗೆದ ಫೋಟೊ ಆಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವಲ್ಲಿ ನನಗೆ ಹೆಚ್ಚು ಚಿಂತೆ. ಮೊಬೈಲು ಫೋಟೊ ಜೊತೆಗೇ ದಿನಾಂಕ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗವನ್ನೂ ಬರೆದಿಡುತ್ತದೆ. ಡೇನಿಯಲ್‌ಗಳಿಗೆ ಇಲ್ಲದ ಭಾಗ್ಯ. ಆದರೆ ಫೋಟೊ ವಾಟ್ಸಾಪಿನಲ್ಲಿ ಹಾಗೇ ಫಾರ್ವರ್ಡ್ ಆದ ಕೂಡಲೇ ಆ ವಿವರ ಕಳಚಿಹೋಗುತ್ತದೆ, ಗಾತ್ರವೂ ಕುಗ್ಗುತ್ತದೆ. ಮೂರು ಗುಂಪು ದಾಟುವಷ್ಟರಲ್ಲಿ ಮಲ್ಲೇಶ್ವರದ ಮನೆ ಬಸವನಗುಡಿಯದಾಗಿರುತ್ತದೆ, 1975 ಎನ್ನುವುದು 1935 ಆಗಿರುತ್ತದೆ. ಫೈಲನ್ನು ಡಾಕ್ಯುಮೆಂಟ್ ಎಂದು ಕಳಿಸಿದರೆ ವಿವರ ಉಳಿಯುತ್ತದೆ. ಅಷ್ಟು ಮಾಡುವವರು ಎಷ್ಟು ಜನ?

ಇದರ ಮೇಲೆ ಈಗ ಎಐ ಬೇರೆ. 'ನೂರು ವರ್ಷದ ಹಿಂದಿನ ಮೆಜೆಸ್ಟಿಕ್' ಎಂದು ಬರುವ ಕಂದು ಬಣ್ಣದ ಚಿತ್ರಗಳಲ್ಲಿ ಎಷ್ಟು ನಿಜ, ಎಷ್ಟು ಕಂಪ್ಯೂಟರಿನ ಕಲ್ಪನೆ ಎಂದು ಹೇಳುವುದೇ ಕಷ್ಟವಾಗಿದೆ. ಅಂಗಡಿ ಬೋರ್ಡಿನ ಮೇಲಿನ ಅಕ್ಷರ ಓದಿ ನೋಡಿ. ಯಾವ ಲಿಪಿಯೂ ಅಲ್ಲದ ಗೀಚು ಇದ್ದರೆ ಗುಟ್ಟು ರಟ್ಟಾಯಿತು ಎಂದೇ ಲೆಕ್ಕ. ಈಗೀಗ ಅದನ್ನೂ ಸರಿಯಾಗಿ ಬರೆಯಲು ಕಲಿಯುತ್ತಿವೆ. ಪೂರ್ತಿ ಸುಳ್ಳು ಚಿತ್ರಕ್ಕಿಂತ ನನಗೆ ಹೆಚ್ಚು ಹೆದರಿಕೆ ಅರೆ ಸುಳ್ಳಿನದು. ನಿಜವಾದ ಹಳೇ ಫೋಟೊವನ್ನು 'ಕ್ಲಿಯರ್' ಮಾಡುತ್ತೇವೆ ಎಂದು ಎಐಗೆ ಕೊಡುತ್ತಾರೆ. ಅದು ಮಸುಕಾದ ಕಡೆಯೆಲ್ಲ ತನಗೆ ತೋಚಿದ ಕಮಾನು, ಕಿಟಕಿ ತುಂಬುತ್ತದೆ. ಹೊಸ ಫೋಟೊದಲ್ಲೂ ಒಂದು ಬೆರಳು ಸವರಿ ವೈರು ಅಳಿಸಿದರೆ, ವೈರಿನ ಹಿಂದೆ ಇದ್ದ ಗಾರೆ ಕೆಲಸವನ್ನು ಮೊಬೈಲು ತಾನೇ ಕಟ್ಟಿಕೊಡುತ್ತದೆ. ಇನ್‌ಸ್ಟಾಗ್ರಾಮಿಗೆ ಅದನ್ನು ಹಾಕಿ, ಯಾರೂ ಬೇಡ ಎನ್ನುವುದಿಲ್ಲ. ತಿದ್ದದ ಮೂಲ ಫೈಲನ್ನು ಮಾತ್ರ ಬೇರೆ ಇಡಿ.

ಇಡುವುದಾದರೂ ಎಲ್ಲಿ? 1860ರ ದಶಕದ ಬೆಂಗಳೂರಿನ ಫೋಟೊ ಬೇಕೆಂದರೆ ನಾವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹವನ್ನು ತಡಕುತ್ತೇವೆ. 2023ರ ಅಕ್ಟೋಬರಿನಲ್ಲಿ ಅವರ ಮೇಲೆ ಸೈಬರ್ ದಾಳಿ ಆಗಿ ಕ್ಯಾಟಲಾಗೇ ತಿಂಗಳುಗಟ್ಟಲೆ ಸಿಗಲಿಲ್ಲ. ಬೆಂಗಳೂರಿನ ನೆನಪು ಲಂಡನ್ನಿನ ಸರ್ವರ್ ನಂಬಿಕೊಂಡಿದೆ ಎನ್ನುವುದು ಆಗ ಚೆನ್ನಾಗಿ ಅರ್ಥವಾಯಿತು. ಸದ್ಯಕ್ಕೆ ಸಾಮಾನ್ಯ ಜನಕ್ಕೆ ಇರುವ ಒಳ್ಳೆಯ ಜಾಗ ವಿಕಿಮೀಡಿಯಾ ಕಾಮನ್ಸ್, ಅಂದರೆ ವಿಕಿಪೀಡಿಯ ಬಳಗದ ಉಚಿತ ಫೋಟೊ ಭಂಡಾರ. ಮೂಲ ಗಾತ್ರದಲ್ಲೇ ಫೋಟೊ ಉಳಿಯುತ್ತದೆ. ದಿನಾಂಕ, ಜಾಗ, ತೆಗೆದವರ ಹೆಸರು ಜೊತೆಗಿರುತ್ತವೆ. 2010ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಶುರುವಾದ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆಗೆ ಭಾರತದಿಂದಲೂ ಫೋಟೊಗಳು ಹೋಗುತ್ತವೆ. ಒಂದು ಎಚ್ಚರಿಕೆ: ಅಲ್ಲಿ ಹಾಕಿದ್ದನ್ನು ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ ಫೋಟೊದ ಹಕ್ಕು ತೆಗೆದವರ ಜೀವಮಾನವಿಡೀ ಮತ್ತು ಅವರ ನಂತರ 60 ವರ್ಷ ಇರುತ್ತದೆ. ಹಂಚುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಅಜ್ಜ ತೆಗೆದ ಫೋಟೊ ಆಲ್ಬಮ್ಮಿನಲ್ಲೇ ಗೆದ್ದಲು ಹಿಡಿಯುವುದಕ್ಕಿಂತ ಹಂಚುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಖಾಸಗಿ ಮನೆಗಳ ವಿಷಯ ಸೂಕ್ಷ್ಮ. 1898ರ ಪ್ಲೇಗ್ ಆದ ಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಕೆಂಪು ಹೆಂಚಿನ, ಮಂಕಿ ಟಾಪ್ (ಮೇಲೆ ಚೂಪಾದ ಮರದ ಮುಚ್ಚಿಗೆ ಇರುವ) ಕಿಟಕಿಯ ಮನೆಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಸ್ಮಾರಕದ ಬೋರ್ಡ್ ಇಲ್ಲದ ಇವಕ್ಕೇ ದಾಖಲೆ ಹೆಚ್ಚು ಬೇಕು. ರಸ್ತೆಯಿಂದ ಫೋಟೊ ತೆಗೆಯಲು ಕಾಪಿರೈಟ್ ಅಡ್ಡಿ ಇಲ್ಲ, ಸರಿ. ಆದರೆ ಗೇಟಿನ ಹತ್ತಿರ ಕ್ಯಾಮೆರಾ ಕಂಡರೆ ಒಳಗಿನ ಅಜ್ಜಿ 'ಯಾಕಪ್ಪಾ ಫೋಟೊ? ಕಾರ್ಪೊರೇಷನ್ನಿನವರಾ?' ಎಂದು ಕೇಳುವುದರಲ್ಲಿ ಒಂದು ನಿಜವಾದ ಭಯ ಇದೆ. ಪಾರಂಪರಿಕ ಕಟ್ಟಡ ಎಂದು ಪಟ್ಟಿಗೆ ಸೇರಿಸಿಬಿಟ್ಟರೆ ಸೈಟಿನ ಬೆಲೆ ಹೋಯಿತು, ಮಕ್ಕಳು ಮಾರುವ ಹಾಗಿಲ್ಲ ಎಂಬ ಭಯ. ಬೆಲೆ ಕಟ್ಟುವುದು ಮನೆಗಲ್ಲ, ಕೆಳಗಿನ ಮಣ್ಣಿಗೆ ಎನ್ನುವ ಊರಿನಲ್ಲಿ ಈ ಭಯವನ್ನು ತಳ್ಳಿಹಾಕಲಾಗದು. ಮೊದಲು ಬೆಲ್ ಒತ್ತಿ, ಯಾರು, ಯಾಕೆ ಎಂದು ಹೇಳಿ, ಒಂದು ಪ್ರಿಂಟ್ ತಂದುಕೊಡುತ್ತೇನೆ ಅಜ್ಜಿ ಎಂದರೆ ಒಳಗೆ ಕರೆದು ಕಾಫಿ ಕೊಡುವವರೂ ಇದ್ದಾರೆ. ಬೇಡ ಎಂದರೆ ಬೇಡ. ಮನೆಯ ಫೋಟೊ ಜೊತೆ ಬಾಗಿಲ ಸಂಖ್ಯೆ, ಅಲ್ಲಿರುವವರ ಹೆಸರು, ಮುಖ ಹಾಕುವ ಅಗತ್ಯವಂತೂ ಇಲ್ಲ.

ಸರ್ಕಾರದ ಕಡೆಯಿಂದ ಆಗಬೇಕಾದದ್ದು ದೊಡ್ಡ ಖರ್ಚಿನದ್ದೇನಲ್ಲ. ಸ್ಮಾರಕದಲ್ಲಿ ಏನು ತಂದಿದ್ದೀರಿ ಎಂದು ಕೇಳುವ ಬದಲು ಏನು ಮಾಡುತ್ತೀರಿ ಎಂದು ಕೇಳಬೇಕು. ಪ್ರಿ-ವೆಡ್ಡಿಂಗ್ ತಂಡ, ಜಾಹೀರಾತು, ಸಿನಿಮಾ ಇವಕ್ಕೆ ಶುಲ್ಕ ಇರಲಿ, ಸಮಯದ ಮಿತಿಯೂ ಇರಲಿ. ಬಟ್ಟೆ ಬದಲಿಸಲು ಮಂಟಪ ಹಿಡಿದುಕೊಂಡು ಕೂರುವುದು ಉಳಿದವರಿಗೂ ತೊಂದರೆ, ಕಟ್ಟಡಕ್ಕೂ ತೊಂದರೆ. ದಾಖಲೆಗೆಂದು ಬರುವ ಒಬ್ಬಿಬ್ಬರಿಗೆ ಬೆಳಿಗ್ಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಕಾಲಿಗೆ ರಬ್ಬರ್ ಬುಷ್ ಹಾಕಿದ ಟ್ರೈಪಾಡಿಗೆ ಗೇಟಿನಲ್ಲೇ ಚೀಟಿ ಕೊಡಬಹುದು. ಬದಲಿಗೆ ಫೋಟೊಗಳ ಒಂದು ಪ್ರತಿಯನ್ನು ಇಲಾಖೆಗೆ ಕೊಡಲಿ. ಇಲಾಖೆಗೆ ಪುಕ್ಕಟೆ ದಾಖಲೆ, ಹುಡುಗರಿಗೆ ಅನುಮತಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಹಳೇ ಕಟ್ಟಡ ಕೆಡವಲು ಅರ್ಜಿ ಬಂದಾಗ ನಾಲ್ಕೂ ಕಡೆಯ, ಒಳಹೊರಗಿನ, ದಿನಾಂಕ ಇರುವ ಫೋಟೊಗಳನ್ನು ಅರ್ಜಿಯ ಜೊತೆ ಕೊಡಬೇಕು, ಅವು ಜನರಿಗೆ ನೋಡಲು ಸಿಗಬೇಕು ಎಂದು ಈ ಐದೂ ಪಾಲಿಕೆಗಳು ಒಂದು ನಿಯಮ ಮಾಡಬಹುದು. ಕೆಡವುವ ಗುತ್ತಿಗೆದಾರರ ಹುಡುಗನ ಮೊಬೈಲಿನಲ್ಲಿ ಅರ್ಧ ಗಂಟೆಯ ಕೆಲಸ ಅದು.